ತುಂಬಿದ ಬಸ್ಸಿನ ಸುಳ್ಳು

ನಮ್ಮೂರಿಗೆ ಬಸ್ಸು ಬಂದದ್ದು ಸುಳ್ಳಿನಿಂದ. ಆ ಸುಳ್ಳು ಹೇಳಿದವಳು ನಾನು. ಬಸ್ಸು ತಂದವಳೆಂದು ಊರಿನವರು ನನಗೆ ಹಾರ ಹಾಕಿದರು, ಮತ್ತೊಮ್ಮೆ ಗೆಲ್ಲಿಸಿದರು, ಈಗ ಪಂಚಾಯಿತಿ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂರಿಸಿದ್ದಾರೆ. ಅದೇ ಬಸ್ಸಿನ ದೆಸೆಯಿಂದ ಹಲಸನಪುರದ ಸಾವಿತ್ರಕ್ಕನನ್ನು ಅವಳ ಊರಿನವರು "ಬಸ್ಸು ಮಾರ್ಕೊಂಡೋಳು" ಎಂದು ಕರೆದರು. ಎರಡಕ್ಕೂ ಕಾರಣ ಒಂದೇ ವಾರ — ನಾನು ಆಡಿಸಿದ ಒಂದು ಆಟ.

ಇದನ್ನು ತಲೆ ತಗ್ಗಿಸಿ ಮೆಲುದನಿಯಲ್ಲಿ ಹೇಳೋಣವೆಂದು ಕೂತರೆ ಆಗುತ್ತಿಲ್ಲ. ಆ ವಾರವನ್ನು ನೆನೆದರೆ ಇವತ್ತಿಗೂ ನಗು ಉಕ್ಕಿ ಬರುತ್ತದೆ. ನಾಚಿಕೆ ಹಿಂದೆಯೇ ಬರುತ್ತದೆ, ನಿಜ — ಆದರೆ ಮೊದಲು ಬರುವುದು ನಗುವೇ. ಇದನ್ನೂ ಒಪ್ಪಿಕೊಂಡುಬಿಡಬೇಕು.

ನಾಲೆಯ ಈಚೆ ದಡಕ್ಕೆ ನಮ್ಮ ಮಾದನಕೊಪ್ಪಲು, ಆಚೆ ದಡಕ್ಕೆ ಹಲಸನಪುರ. ಎರಡೂ ಊರಿನವರು ಪಾಂಡವಪುರಕ್ಕೋ, ಅಲ್ಲಿಂದ ರೈಲು ಹಿಡಿದು ಮೈಸೂರಿಗೋ ಹೋಗಬೇಕೆಂದರೆ ಕಬ್ಬಿನ ಗದ್ದೆಗಳ ನಡುವೆ ಮುಖ್ಯರಸ್ತೆಯವರೆಗೆ ನಡೆಯಬೇಕಿತ್ತು. ಏಳೆಂಟು ವರ್ಷದ ಹಿಂದೆ ತಾಲ್ಲೂಕಿನವರು ಒಂದು ಯೋಜನೆ ಮಾಡಿದರು. ರೈಲ್ವೆ ಸ್ಟೇಷನ್ನಿನಿಂದ ಹಳ್ಳಿಗಳಿಗೆ ಒಂದು ಮಿನಿ ಬಸ್ಸು. ಸದ್ಯಕ್ಕೆ ಒಂದೇ. ನಾಲೆಯ ಆಚೆ ದಾರಿಯಲ್ಲಿ ಒಂದು ವಾರ, ಈಚೆ ದಾರಿಯಲ್ಲಿ ಒಂದು ವಾರ ಓಡಿಸಿ ನೋಡುವುದು, ಎಲ್ಲಿ ಜನ ಹೆಚ್ಚು ಹತ್ತುತ್ತಾರೋ ಆ ದಾರಿಗೆ ಬಸ್ಸು ಖಾಯಂ.

ನಾನಾಗ ಹೊಸದಾಗಿ ಗೆದ್ದ ಪಂಚಾಯಿತಿ ಸದಸ್ಯೆ. ಸಾವಿತ್ರಕ್ಕ ಅವರೂರಿನ ಪಂಚಾಯಿತಿಯಲ್ಲಿ ಹಳಬಳು. ಪಾಂಡವಪುರದಲ್ಲಿ ಮಹಿಳಾ ಸದಸ್ಯರಿಗೆ ತರಬೇತಿ ನಡೆದಾಗ ನಾನು ಮೂಲೆಯಲ್ಲಿ ಮುದುಡಿ ಕೂತಿದ್ದೆ. ಅವಳೇ ಬಂದು ಪಕ್ಕದಲ್ಲಿ ಕೂತು ತನ್ನ ಬುತ್ತಿಯ ರೊಟ್ಟಿ ಮುರಿದು ಕೊಟ್ಟಳು. "ನಡಾವಳಿ ಓದ್ದೆ ಸೈನ್ ಹಾಕ್ಬ್ಯಾಡ ಕಣವ್ವ ಸುಮಿತ್ರ. ಗಂಡಸ್ರು ಪುಸ್ತಕ ಮುಂದಕ್ ತಳ್ತಾರೆ, ನಾವು ಇಂದಕ್ ತಳ್ಬೇಕು" ಎಂದಳು. ಆವತ್ತಿನಿಂದ ಅವಳು ನನಗೆ ಅಕ್ಕ.

ಮೊದಲ ವಾರ ಅವಳ ದಾರಿ. ನಾಟಿಯ ಸಮಯ, ಜನವೆಲ್ಲ ಗದ್ದೆಯಲ್ಲಿ. ಬಸ್ಸು ಅರ್ಧ ಖಾಲಿಯಾಗಿ ಹೋಯಿತು, ಬಂತು. ಸಾವಿತ್ರಕ್ಕನ ಮಗಳು ರೇಖಾ ಶ್ರೀರಂಗಪಟ್ಟಣದಲ್ಲಿ ಐಟಿಐ ಸೇರಿದ್ದಳು, ಅವಳಿಗಂತೂ ಆ ಬಸ್ಸು ಬೇಕೇ ಬೇಕಿತ್ತು. "ನಾಕ್ ಜನಕ್ಕೆ ಹೇಳಿ ಹತ್ತಿಸಬಾರದಾ ಅಕ್ಕ?" ಎಂದು ನಾನೇ ಕೇಳಿದೆ.

"ಗದ್ದೇಲಿರೋರ್ನ ಎಳ್ಕಬಂದು ಕೂರ್ಸಕಾಯ್ತದಾ? ಓಗೋರು ಓಯ್ತಾರೆ ಬುಡು. ಅವ್ರು ಲೆಕ್ಕ ಮಾಡ್ತಾ ಇರೋದು ಓಗೋರ್ನ ತಾನೇ" ಎಂದಳು.

ಆ ಮಾತು ಕೇಳಿದಾಗಲೇ ನನ್ನ ತಲೆಗೆ ಹೊಳೆದದ್ದು — ಹೋಗದವರನ್ನು ಹತ್ತಿಸಿದರೆ?

ನಮ್ಮ ವಾರ ಬಂತು. ಏನು ಹೇಳಲಿ ಆ ಸಡಗರ! ನಮ್ಮೂರಲ್ಲೂ ನಾಟಿಯೇ. ನಮ್ಮೂರ ಮಹಿಳಾ ಸಂಘದ ಹೆಂಗಸರನ್ನು ಕೂಡಿಸಿ ಸರದಿ ಮಾಡಿದೆ — ಬೆಳಿಗ್ಗೆ ಗದ್ದೆಗೆ ಇಳಿದವರು ಮಧ್ಯಾಹ್ನ ಬಸ್ಸಿಗೆ, ಮಧ್ಯಾಹ್ನ ಗದ್ದೆಗೆ ಹೋಗುವವರು ಬೆಳಿಗ್ಗೆ ಬಸ್ಸಿಗೆ. ಅರಕೆರೆಯಿಂದ ನನ್ನ ಚಿಕ್ಕಮ್ಮನ ಮಕ್ಕಳನ್ನು ಕರೆಸಿದೆ. ಯಾರಿಗೂ ಎಲ್ಲಿಗೂ ಹೋಗುವುದಿರಲಿಲ್ಲ! ಸ್ಟೇಷನ್ನಿನಲ್ಲಿ ಇಳಿಯುವುದು, ಟೀ ಕುಡಿಯುವುದು, ರೈಲು ನೋಡುವುದು, ಅದೇ ಬಸ್ಸಿಗೆ ಮತ್ತೆ ಹತ್ತುವುದು. ಮದುವೆ, ಸಾವು, ಆಸ್ಪತ್ರೆ ಬಿಟ್ಟರೆ ಊರ ಗಡಿ ದಾಟದಿದ್ದ ಹೆಂಗಸರು ಕಿಟಕಿ ಪಕ್ಕದ ಸೀಟಿಗೆ ಜಗಳವಾಡಿದರು. ಪುಟ್ಟಮ್ಮಜ್ಜಿ ದಿನವೂ ರೇಷ್ಮೆ ಸೀರೆ ಉಟ್ಟು ಬಂದಳು. ಬಸ್ಸು ಸೋಬಾನೆ ಹಾಡುತ್ತಾ ನಾಲೆ ಏರಿಯ ಮೇಲೆ ಬರುವಾಗ ನನಗೆ — ನಾನು ಏನೋ ಒಂದು ಹಬ್ಬವನ್ನೇ ಹುಟ್ಟಿಸಿದ ಹಾಗೆ —

ಊರಿಗಾಗಿ ಮಾಡಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಬಸ್ಸು ತಂದ ಸುಮಿತ್ರಾ ಅನ್ನಿಸಿಕೊಳ್ಳಬೇಕಿತ್ತು.

ವಾರದ ಕೊನೆಗೆ ಸಾವಿತ್ರಕ್ಕ ಏನೋ ಕೆಲಸಕ್ಕೆ ಪಾಂಡವಪುರಕ್ಕೆ ಬಂದವಳು ನಮ್ಮ ಬಸ್ಸು ಹತ್ತಿದಳು. ಕಾಲಿಡಲು ಜಾಗವಿಲ್ಲ. ಕಂಬಿ ಹಿಡಿದು ನಿಂತು ಸುತ್ತಲೂ ಕಣ್ಣಾಡಿಸಿದಳು. ಅಸೂಯೆಯಲ್ಲ — ಬೆರಗು. ಪಕ್ಕದಲ್ಲಿದ್ದ ಪುಟ್ಟಮ್ಮಜ್ಜಿಯನ್ನು "ಎಲ್ಲಿಗ್ ಓಗಿದ್ರಿ ಅಜ್ಜಿ?" ಎಂದು ಕೇಳಿದಳು. ಅಜ್ಜಿ ಬಾಯಿ ತುಂಬ ನಗುತ್ತಾ "ಎಲ್ಲಿಗೂ ಇಲ್ಲ ಕಣ್ ಮಗ, ಸುಮ್ಕೆ..." ಎನ್ನುವಷ್ಟರಲ್ಲಿ ನಾನು ಅಜ್ಜಿಯ ಕಾಲು ತುಳಿದೆ. ಅಜ್ಜಿ ಕೂಗಿಕೊಂಡಳು, ಎಲ್ಲರೂ ನಕ್ಕರು, ಮಾತು ಅಲ್ಲಿಗೆ ಹಾರಿಹೋಯಿತು.

ಸಾವಿತ್ರಕ್ಕ ನಗಲಿಲ್ಲ. ನನ್ನ ಮುಖ ನೋಡಿ ಕೇಳಿದಳು: "ನಿಜ ಏಳವ್ವ. ಇವ್ರೆಲ್ಲ ದಿನಾ ಓಡಾಡೋರಾ?"

"ದಿನಾ ಓಡಾಡೋರೇ ಕಣಕ್ಕ" ಎಂದೆ.

ಅಷ್ಟೇ. ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ.

ತಾಲ್ಲೂಕಿನ ಸಭೆಯಲ್ಲಿ ಅಧಿಕಾರಿಗಳಿಗೂ ಅನುಮಾನವಿತ್ತು. ನಾಟಿಯ ಸಮಯದಲ್ಲಿ ಈ ಊರಿನಿಂದ ಇಷ್ಟು ಜನವೇ? ಇನ್ನೊಂದು ಸಲ ಓಡಿಸಿ ನೋಡೋಣವೆಂದು ಒಬ್ಬರು ಅಂದರು. ಆಗ ಎದ್ದು ನಿಂತವಳು ಸಾವಿತ್ರಕ್ಕ. "ಇನ್ನೊಂದ್ ಸಲ ಯಾಕೆ ಸಾರ್? ನಾನೇ ಆ ಬಸ್ಸಲ್ ಬಂದಿವ್ನಿ, ಕಣ್ಣಾರೆ ನೋಡಿವ್ನಿ. ನಮಗಿಂತ ಅವ್ರಿಗೇ ಜಾಸ್ತಿ ಬೇಕು. ಅವ್ರಿಗೇ ಕೊಡಿ."

ಅವಳ ಮಾತಿನ ಮೇಲೆ ಬಸ್ಸು ನಮಗಾಯಿತು. ಆ ಕ್ಷಣದಲ್ಲಿ ನಾನು ಎದ್ದು — ಏಳಲಿಲ್ಲ. ಚಪ್ಪಾಳೆ ತಟ್ಟಿದೆ.

ಹಲಸನಪುರದವರು ಅವಳನ್ನು ಬಿಡಲಿಲ್ಲ. ತನ್ನೂರಿಗೆ ಬರಬೇಕಿದ್ದ ಬಸ್ಸನ್ನು ತಾನೇ ಎದ್ದು ನಿಂತು ಬೇರೆ ಊರಿಗೆ ಕೊಟ್ಟು ಬಂದಳು ಎಂದರೆ ಯಾರು ನಂಬುತ್ತಾರೆ? ಏನೋ ತಿಂದಿರಬೇಕು ಎಂದರು. ಮುಂದಿನ ಚುನಾವಣೆಯಲ್ಲಿ ಸೋತಳು. ಕತ್ತಲಾದ ಮೇಲೆ ಮುಖ್ಯರಸ್ತೆಯಿಂದ ಒಬ್ಬಳೇ ನಡೆದು ಬರಲಾಗದೆ ರೇಖಾ ಓದು ಬಿಟ್ಟಳು, ಮದುವೆಯಾಗಿ ಕೆ.ಆರ್. ಪೇಟೆಗೆ ಹೋದಳು. ಇದೆಲ್ಲ ನನ್ನ ಕಿವಿಗೆ ಬೀಳುತ್ತಲೇ ಇತ್ತು. ಎಲ್ಲಾದರೂ ಎದುರು ಸಿಕ್ಕರೆ ಸಾವಿತ್ರಕ್ಕ "ಬಸ್ಸು ತುಂಬ್ತಾ ಅದಾ?" ಎಂದು ಕೇಳುತ್ತಿದ್ದಳು. ತುಂಬುತ್ತಿತ್ತು — ನಿಜವಾಗಿಯೂ. ಬಸ್ಸು ಬಂದ ಮೇಲೆ ನಮ್ಮೂರ ಹೆಂಗಸರಿಗೆ ಹೋಗುವ ಕೆಲಸಗಳೂ ಹುಟ್ಟಿಕೊಂಡವು. ಅವಳ ಊರಿನಲ್ಲೂ ಹಾಗೆಯೇ ಹುಟ್ಟುತ್ತಿದ್ದವು.

ಈಗ ಹೊಸ ಯೋಜನೆ ಬಂದಿದೆ. ಅದನ್ನು ಕೇಳಿದ ದಿನ ನಾನು ಕುಣಿಯುವುದೊಂದು ಬಾಕಿ! ಕರೆಂಟಿನ ಪುಟ್ಟ ಬಸ್ಸುಗಳು, ಸ್ಟೇಷನ್ನಿನ ಎದುರು ಬಾಡಿಗೆ ಸೈಕಲ್ಲುಗಳು, ಶ್ರೀರಂಗಪಟ್ಟಣದವರೆಗೂ ಒಂದಕ್ಕೊಂದು ಕೂಡುವ ದಾರಿ. ಕಳೆದ ವಾರ ಪಾಂಡವಪುರದಲ್ಲಿ ಜನರ ಅಭಿಪ್ರಾಯ ಕೇಳುವ ಸಭೆ ನಡೆಯಿತು. ಅಧಿಕಾರಿ ಗೋಡೆಯ ಮೇಲೆ ನಕ್ಷೆ ತೂಗುಹಾಕಿ ಬೆರಳಿಟ್ಟು ತೋರಿಸುತ್ತಾ ಹೋದರು. ನಾನು ತುದಿಗಾಲಲ್ಲಿ ಕೂತು ನೋಡುತ್ತಿದ್ದೆ. ಹಲಸನಪುರದ ಹತ್ತಿರ ಬೆರಳು ನಿಂತಿತು.

"ಇಲ್ಲಿ ಹಿಂದೆ ಬಸ್ಸು ಓಡಿಸಿ ನೋಡಿದೀವಿ, ಜನ ಬರಲಿಲ್ಲ. ಮುಖ್ಯರಸ್ತೆಯಲ್ಲಿ ನಾಲ್ಕು ಸೈಕಲ್ ಇಟ್ಟರೆ ಸಾಕು. ಜನ ನಿಜವಾಗಿ ಬಳಸುವ ಊರೆಂದರೆ ಮಾದನಕೊಪ್ಪಲು. ಅಧ್ಯಕ್ಷೆಯವರೇ, ನಿಮ್ಮ ಅನುಭವ ಹೇಳಿ."

ನನ್ನ ಸುಳ್ಳು ಇನ್ನೂ ಕೆಲಸ ಮಾಡುತ್ತಿತ್ತು. ಆ ನಕ್ಷೆಯ ಮೇಲೆ, ನನ್ನ ಕಣ್ಣೆದುರಿಗೇ.

ಎದ್ದೆ. ಹಿಂದಿನ ಸಾಲಿನಲ್ಲಿ ಸಾವಿತ್ರಕ್ಕ ಕೂತಿದ್ದಳು. "ಸಾರ್, ಆ ವಾರ ನಮ್ಮ ಬಸ್ಸಲ್ಲಿದ್ದ ಜನಕ್ಕೆ ಎಲ್ಲಿಗೂ ಹೋಗೋದಿರಲಿಲ್ಲ. ನಾನೇ ಹತ್ತಿಸಿದ್ದು. ಸಾವಿತ್ರಕ್ಕ ನನ್ನ ಕೇಳಿದ್ರು, ಅವರಿಗೂ ಸುಳ್ಳು ಹೇಳಿದೆ" ಎಂದೆ. ಸಭೆ ಗದ್ದಲವಾಯಿತು. ನಮ್ಮೂರಿನವರೊಬ್ಬರು "ಯಾಕವ್ವ ಬೇಕಿತ್ತು ನಿಂಗೆ ಇದು?" ಎಂದು ರೇಗಿದರು. ಗದ್ದಲ ತಣಿದ ಮೇಲೆ ಅಧಿಕಾರಿ, ನಾಟಿ ಮುಗಿಯಲಿ, ಹಲಸನಪುರದಲ್ಲಿ ಮತ್ತೊಮ್ಮೆ ಬಸ್ಸು ಓಡಿಸಿ ನೋಡುತ್ತೇವೆ ಎಂದರು. ನನ್ನ ಮೈಯೆಲ್ಲ ಹಗುರವಾಗಿತ್ತು, ಕುಣಿಯುವಂತಿತ್ತು. ಮುಗಿಯಿತು ಎಂದುಕೊಂಡೆ.

ಹೊರಗೆ ಸಾವಿತ್ರಕ್ಕ ನಿಂತಿದ್ದಳು. ಬೈಯಲಿಲ್ಲ. "ಇಲ್ಲೇಳ್ಬುಟ್ರೆ ಮುಗೀತಾ? ನಮ್ಮೂರ್ ಜನ ಎಲ್ಲಾ ಇಲ್ಲಿ ಅವ್ರಾ? ಅಲ್ಲಿಗ್ ಬಂದು ಏಳು" ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿದಳು. "ರೇಖಂಗೂ ಫೋನ್ ಮಾಡಿ ಏಳ್ಬುಡು. ಅವಳೂ ನಾನೇ ಬಸ್ಸು ಮಾರ್ಕೊಂಡೋಳು ಅಂತ ತಿಳ್ಕಂಡವ್ಳೆ."

ಮಗಳೂ ನಂಬಿದ್ದಳೆಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ — ಹೆತ್ತ ಮಗಳೂ.

ಮರುದಿನ ಫೋನು ಮಾಡಿದೆ. ರೇಖಾ ಪೂರ್ತಿ ಕೇಳಿಸಿಕೊಂಡಳು. "ನನ್ ಬಾಣಂತನಕ್ಕೂ ನಮ್ಮವ್ವನ್ನ ಕರೀಲಿಲ್ಲ ನಾನು" ಎಂದಳು. ಫೋನು ಇಟ್ಟಳು.

ಭಾನುವಾರ ಹಲಸನಪುರಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಕಲ್ಲು ತೂರಿದರೂ, ಇಲ್ಲಿ ಕುರ್ಚಿ ಹೋದರೂ ಹೇಳಿಯೇ ಬರುತ್ತೇನೆ. ಸಾವಿತ್ರಕ್ಕನ ಸೋಲನ್ನಾಗಲಿ, ರೇಖಾಳ ಓದನ್ನಾಗಲಿ, ಆ ಬಾಣಂತನವನ್ನಾಗಲಿ ಯಾವ ಬಸ್ಸೂ ವಾಪಸು ತರುವುದಿಲ್ಲ. ಆದರೆ ಆ ಊರಿನಲ್ಲಿ ಬಸ್ಸಿನ ಹೆಸರೆತ್ತಿ ಯಾರನ್ನಾದರೂ ಬೈಯುವುದಿದ್ದರೆ, ಇನ್ನು ಮೇಲೆ ನನ್ನನ್ನು ಬೈಯಲಿ.