ಮೇಷ್ಟ್ರ ಅಂಗುಸ್ತಾನ

ಹಳೆಯ ಕೋಟಿನ ಅಸ್ತರು ಹರಿದಿತ್ತು. ಹೊಲಿಸಲು ಕಳೆದ ವಾರ ದರ್ಜಿಯ ಅಂಗಡಿಗೆ ಹೋಗಿದ್ದೆ. ಆತ ಬೆರಳಿನಿಂದ ಹಿತ್ತಾಳೆಯ ಅಂಗುಸ್ತಾನ ಕಳಚಿ ಮೇಜಿನ ಮೇಲಿಟ್ಟು ಕೋಟನ್ನು ಬಿಡಿಸಿ ನೋಡಿದ. ಸೂಜಿ ಚುಚ್ಚದಿರಲೆಂದು ದರ್ಜಿಗಳು ಬೆರಳ ತುದಿಗೆ ಹಾಕಿಕೊಳ್ಳುವ ಪುಟ್ಟ ಟೋಪಿ ಅದು. ಸುಮ್ಮನೆ ಕೈಗೆತ್ತಿಕೊಂಡೆ. ಬೆವರು, ಹಿತ್ತಾಳೆ ಬೆರೆತ ವಾಸನೆ… ಹುಣಸೂರಿನ ನಮ್ಮ ಶಾಲೆಯ ಇಂಗ್ಲಿಷ್ ತರಗತಿಯದೂ ಅದೇ ವಾಸನೆ.

ಆಗಿನ್ನೂ ಮಹಾರಾಜರ ಸರ್ಕಾರ. ನನಗೆ ಹನ್ನೆರಡು ವರ್ಷ. ಇಂಗ್ಲಿಷ್ ಮೇಷ್ಟ್ರು ಅದೇ ಊರಿನ ಸಾಬರು, ದರ್ಜಿಯೊಬ್ಬರ ಮಗ. ತೀರಿಹೋಗಿದ್ದ ತಂದೆಯ ಅಂಗುಸ್ತಾನವನ್ನು ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಬರುತ್ತಿದ್ದರು. ಸರ್ವನಾಮದ ಪಾಠಕ್ಕೆ ಅವರ ಬಳಿ ಇದ್ದ ಸಲಕರಣೆ ಅದೊಂದೇ. ಹಾಕಿಕೊಂಡವನು ಮೊದಲು ತನ್ನ ಎದೆಗೆ ಬೆರಳಿಟ್ಟು ‘ಐ’ ಎನ್ನಬೇಕು. ಎದುರಿನವನಿಗೆ ತೋರಿಸಿ ‘ಯೂ’, ಪಕ್ಕದವನಿಗೆ ‘ಹೀ’. ಕೊನೆಗೆ ಬೆರಳನ್ನು ಇಡೀ ತರಗತಿಯ ಮೇಲೆ ಒಂದು ಸುತ್ತು ತಿರುಗಿಸಿ ‘ವೀ’.

ದೊಡ್ಡವರಿಗೆ ಬೆರಳು ತೋರಿಸಬಾರದೆಂದು ಮನೆಯಲ್ಲಿ ಏಟು ತಿಂದು ಕಲಿತಿದ್ದ ನಮಗೆ ಇದು ಸುಲಭವಿರಲಿಲ್ಲ. ಮೇಷ್ಟ್ರತ್ತ ಬೆರಳು ತೋರಿಸುವ ಸರದಿ ಬಂದಾಗ ಒಬ್ಬ ಎದ್ದು ನಿಂತು, “ನಿಮ್ಮುನ್ನ ಎಂಗ್ ಸಾ ಹೀ ಅನ್ನೋದು? ಪಾಪ ಬರಕಿಲ್ವಾ?” ಎಂದಿದ್ದ.

“ಇಂಗ್ಲಿಷಿನಲ್ಲಿ ತಾಲ್ಲೂಕು ಆಳೋ ಅಮಲ್ದಾರ್ರೂ ಹೀ, ನಮ್ಮಪ್ಪನೂ ಹೀ. ಪಾಪ ಬಂದ್ರೆ ನನಗೆ ಬರ್ಲಿ. ತೋರ್ಸಪ್ಪ,” ಎಂದರು ಮೇಷ್ಟ್ರು.

ಅಂಗುಸ್ತಾನ ಮುಂದಿನ ಬೆಂಚಿನಿಂದ ಬೆರಳಿಂದ ಬೆರಳಿಗೆ ಹಿಂದಕ್ಕೆ ಸಾಗಿ, ಕೊನೆಯ ಬೆಂಚಿನಿಂದ ನೇರವಾಗಿ ಮೇಷ್ಟ್ರ ಮೇಜಿಗೆ ಮರಳುತ್ತಿತ್ತು. ಬಾಗಿಲ ಬಳಿ ಗೋಣಿಚೀಲದ ಮೇಲೆ ಒಬ್ಬನೇ ಕೂರುತ್ತಿದ್ದ ಹುಡುಗನ ಕೈಗೆ ಅದು ಹೋಗುತ್ತಿರಲಿಲ್ಲ. ಅವನು ಹೊಲಗೇರಿಯವನು. ಎಲ್ಲ ಜಾತಿಯ ಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂಬ ಸರ್ಕಾರಿ ಹುಕುಮು ಅವನನ್ನು ಶಾಲೆಯ ಒಳಗೆ ತಂದಿತ್ತು, ಬೆಂಚಿನವರೆಗೆ ತಂದಿರಲಿಲ್ಲ. ಆರು ತಿಂಗಳು ಮೇಷ್ಟ್ರೂ ಅದನ್ನು ಕಂಡೂ ಕಾಣದಂತೆ ಇದ್ದರು. ಇದನ್ನೂ ಹೇಳಬೇಕು.

ಒಂದು ದಿನ ಏನನ್ನಿಸಿತೋ, ಅವನನ್ನು ಮುಂದಕ್ಕೆ ಕರೆದು ತಾವೇ ಅವನ ಬೆರಳಿಗೆ ಅಂಗುಸ್ತಾನ ಹಾಕಿದರು. ಅವನು ಎಲ್ಲವನ್ನೂ ಸರಿಯಾಗಿ ಒಪ್ಪಿಸಿದ. ‘ವೀ’ ಎಂದು ಬೆರಳನ್ನು ನಮ್ಮೆಲ್ಲರ ಮೇಲೂ ಒಂದು ಸುತ್ತು ತಿರುಗಿಸಿದ. ಮೇಷ್ಟ್ರು ಅಂಗುಸ್ತಾನವನ್ನು ಮೇಜಿನ ಮೇಲಿಟ್ಟು, “ಇಷ್ಟ ಇದ್ದವರು ಬನ್ನಿ. ಬಲವಂತ ಇಲ್ಲ,” ಎಂದರು.

ಯಾರೂ ಏಳಲಿಲ್ಲ. ನಾನು ಎದ್ದೆ. ಧೈರ್ಯದಿಂದಲ್ಲ. ಪಾಠ ನನಗೆ ಚೆನ್ನಾಗಿ ಬರುತ್ತಿತ್ತು, ತೋರಿಸಿಕೊಳ್ಳುವ ಆಸೆ. ಪಕ್ಕದವನು ಅಂಗಿ ಜಗ್ಗಿದ. “ಲೋ, ಅವ್ನ್ ಬೆರಳಿಂದ ತಗ್ದಿದ್ದು ಕಣ್ಲಾ. ಮನೇಲಿ ಗೊತ್ತಾದ್ರೆ ಚರ್ಮ ಸುಲೀತಾರೆ.” ಹೋಗಿ ಹಾಕಿಕೊಂಡೆ. ಒಳಗೆ ಇನ್ನೂ ಬೆಚ್ಚಗಿತ್ತು.

ಸಂಜೆಯೊಳಗೆ ಸುದ್ದಿ ಮನೆಮನೆಗೂ ತಲುಪಿತು. ನನ್ನನ್ನು ಬಾವಿಕಟ್ಟೆಯ ಬಳಿ ನಿಲ್ಲಿಸಿ ತಲೆಯ ಮೇಲೆ ನೀರು ಸುರಿದರು. ಊರಿನ ನಾಲ್ಕು ದೊಡ್ಡ ಮನೆಗಳವರು ಸೇರಿ ವಿದ್ಯಾ ಇಲಾಖೆಗೆ ಅರ್ಜಿ ಹಾಕಿದರು. ಅದರಲ್ಲಿ ಜಾತಿಯ ಮಾತೇ ಇರಲಿಲ್ಲವಂತೆ, ಹುಕುಮು ಅಡ್ಡ ಬರುತ್ತಿತ್ತು. ಮಕ್ಕಳ ಬೆರಳಿಗೆ ಕೊಳಕು ವಸ್ತುವನ್ನು ಬಲವಂತದಿಂದ ತೊಡಿಸಿದರು ಎಂದಷ್ಟೇ ಇತ್ತು. ಬಲವಂತ ರುಜುವಾತಾದರೆ ಮೇಷ್ಟ್ರು ಊರಲ್ಲಿ ಉಳಿಯುವಂತಿರಲಿಲ್ಲ.

ವಿಚಾರಣೆಗೆ ಇಲಾಖೆಯ ಇನ್ಸ್‌ಪೆಕ್ಟರು ಬರುವ ದಿನ ಬೆಳಿಗ್ಗೆ ಅಪ್ಪ ಹೇಳಿದರು: “ಕೇಳಿದ್ರೆ ಕಂಡದ್ದು ಯೇಳು. ನಿನ್ ಸುದ್ದಿ ಮಾತ್ರ ಎತ್ಬ್ಯಾಡ ಕಣೋ.”

ಇನ್ಸ್‌ಪೆಕ್ಟರು ತರಗತಿಯಲ್ಲಿ ಚೆನ್ನಾಗಿ ಓದುವವನು ಯಾರೆಂದು ಕೇಳಿ, ನನ್ನ ಮುಂದೆ ಹಾಳೆ ಇಟ್ಟರು. “ನಿಮ್ಮ ಮೇಷ್ಟ್ರು ಏನು ಕಲಿಸಿದ್ದಾರೋ ಅದನ್ನೂ ನೋಡಿದ ಹಾಗಾಯಿತು. ನಡೆದದ್ದನ್ನು ಇಂಗ್ಲಿಷಿನಲ್ಲೇ ಬರಿ.”

ಬರೆದೆ. ಮೇಷ್ಟ್ರು ಆ ಹುಡುಗನ ಬೆರಳಿಗೆ ಹಾಕಿದರು. ಅವನು ಪಾಠ ಒಪ್ಪಿಸಿದ. ಅವರು ಉಳಿದವರನ್ನು ಕರೆದರು. ಯಾರೂ ಏಳಲಿಲ್ಲ. ಆಮೇಲೆ ಒಬ್ಬ ಹುಡುಗ ಹಾಕಿಕೊಂಡ… ಒಂದು ಸಾಲೂ ಸುಳ್ಳಲ್ಲ. ‘ಬಲವಂತ ಇಲ್ಲ’ ಎಂದ ಮಾತೊಂದು ಬಿಟ್ಟುಹೋಗಿತ್ತು. ಅದನ್ನು ಬರೆದಿದ್ದರೆ, ಹಾಗಾದರೆ ತಾನಾಗಿ ಎದ್ದವನು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಇನ್ಸ್‌ಪೆಕ್ಟರು ಓದಿ, ವ್ಯಾಕರಣದಲ್ಲಿ ತಪ್ಪಿಲ್ಲವೆಂದು ನನ್ನ ಬೆನ್ನು ತಟ್ಟಿದರು. ಹಾಳೆಯನ್ನು ಮೇಷ್ಟ್ರಿಗೆ ತೋರಿಸಿ ಬರುವಂತೆ ನನ್ನ ಕೈಯಲ್ಲೇ ಕೊಟ್ಟರು.

ಮೇಷ್ಟ್ರು ಜಗಲಿಯಲ್ಲಿ ನಿಂತಿದ್ದರು. ಎರಡು ಸಲ ಓದಿದರು. “ಚೆನ್ನಾಗಿ ಬರ್ದಿದ್ದೀಯಪ್ಪ,” ಎಂದರು. ಆಮೇಲೆ ಜೇಬಿನಿಂದ ಅಂಗುಸ್ತಾನ ತೆಗೆದು, ಹಾಕಿಕೊಂಡು, ಪಾಠದಲ್ಲಿ ಮಾಡುವಂತೆ ತಮ್ಮ ಎದೆಗೆ ಬೆರಳಿಟ್ಟು ನನ್ನ ಮುಖವನ್ನೇ ನೋಡಿದರು. ಇನ್ಸ್‌ಪೆಕ್ಟರು ಇನ್ನೂ ಒಳಗೇ ಇದ್ದರು. ಹೋಗಿ ಒಂದು ಮಾತು ಹೇಳಲು ಸಮಯವಿತ್ತು. ನಾನು ಹಾಳೆಗೆ ಕೈ ಚಾಚಿದೆ. ಅವರು ಅಂಗುಸ್ತಾನ ಕಳಚಿ ಜೇಬಿಗೆ ಹಾಕಿಕೊಂಡು, ಹಾಳೆಯನ್ನು ಮಡಚದೆ ಹಿಂದಿರುಗಿಸಿದರು.

ಅವರನ್ನು ಅಂತರಸಂತೆಗೆ ವರ್ಗ ಮಾಡಿದರು. ಕಾಡಂಚಿನ ಊರು. ಕೋಟೆ ತಾಲ್ಲೂಕಿನ ಮಲೇರಿಯಾಕ್ಕೆ ಹೆದರಿ ಯಾವ ನೌಕರನೂ ಕೇಳಿಕೊಂಡು ಹೋಗದ ಜಾಗ. ಎರಡನೆಯ ವರ್ಷ ಚಳಿಜ್ವರದಲ್ಲಿ ತೀರಿಕೊಂಡರೆಂದು ಸಂತೆಗೆ ಬಂದವರು ಹೇಳಿದರು. ಬಾಗಿಲ ಬಳಿಯ ಹುಡುಗ ವಿಚಾರಣೆಯ ಮರುದಿನದಿಂದಲೇ ಶಾಲೆಗೆ ಬರಲಿಲ್ಲ. ಗೋಣಿಚೀಲ ಕೆಲವು ದಿನ ಅಲ್ಲೇ ಇತ್ತು…

ಮುಂದೆ ನಾನು ಪತ್ರಿಕೆ ಸೇರಿದೆ. ವರದಿಯಲ್ಲಿ ವರದಿಗಾರ ಕಾಣಿಸಿಕೊಳ್ಳಬಾರದು ಎಂಬುದು ಅಲ್ಲಿನ ಕಟ್ಟುನಿಟ್ಟು. ಹೊಸಬರು ಅದಕ್ಕೆ ಒದ್ದಾಡುತ್ತಿದ್ದರು. ನನಗೆ ಮೊದಲ ದಿನದಿಂದಲೇ ಸಲೀಸಾಗಿ ಬಂತು. ಸಂಪಾದಕರು ಅದನ್ನು ಶಿಸ್ತು ಎಂದು ಮೆಚ್ಚಿಕೊಂಡರು.

“ಆಕ್ಕೊಂಡು ನೋಡಿ ಸಾರ್, ಏನೂ ಆಗಕಿಲ್ಲ,” ಎಂದ ದರ್ಜಿ, ನಗುತ್ತ. ಹಾಕಿಕೊಳ್ಳಲಿಲ್ಲ. ಮೇಜಿನ ಮೇಲಿಟ್ಟು ಮನೆಗೆ ಬಂದು ಇದನ್ನು ಬರೆಯಲು ಕುಳಿತೆ. ಈಗ ಓದಿ ನೋಡಿದರೆ ಅಲ್ಲಲ್ಲಿ ‘ನಾನು’ ಇದೆ. ಆ ಹಾಳೆಯಲ್ಲಿ ಒಂದು ಸಲ ಇದ್ದಿದ್ದರೆ ಸಾಕಿತ್ತು.