ಕೆಂಪವ್ವ ಹೊಡೆದುಹಾಕಿದ ಸಾಲು

ಬೆಳಗಿನ ಆರೂವರೆ. ಮಸಗುಪ್ಪಿಯ ಕೇರಿಯಲ್ಲಿ ಒಲೆಗಳು ಇನ್ನೂ ಹೊಗೆಯಾಡುತ್ತಿವೆ. ಆಶಾ ಕಾರ್ಯಕರ್ತೆ ಕೆಂಪವ್ವ ಯಲ್ಲಾರಿ, ಬಾಣಂತಿ ನಂದಿನಿಯ ಕೂಸನ್ನು ಜೋಳಿಗೆ ತಕ್ಕಡಿಯಲ್ಲಿ ತೂಗುತ್ತಿದ್ದಾರೆ. ನಾಲ್ಕು ಕಿಲೋ ಇನ್ನೂರು ಗ್ರಾಂ. "ಭಾರ ಆಗ್ಯಾನ ನೋಡ ನಿಮ್ಮ ಸಾವ್ಕಾರ!" ದೃಷ್ಟಿ ತಾಕೀತೆಂದು ಅತ್ತೆ ಯಮನವ್ವ ಗದರುತ್ತಾರೆ. ಕೆಂಪವ್ವ ನಗುತ್ತಲೇ ವಹಿಯಲ್ಲಿ ಬರೆದುಕೊಳ್ಳುತ್ತಾರೆ.

ನಲವತ್ತಾರರ ಕೆಂಪವ್ವ ಇದೇ ಕೇರಿಯ ಸೊಸೆ. ಹದಿನೈದು ವರ್ಷಗಳಿಂದ ಇದೇ ಕೆಲಸ. ಹೆರಿಗೆಯಾದ ಮೇಲೆ ನಲವತ್ತೆರಡು ದಿನಗಳಲ್ಲಿ ಪ್ರತಿ ಮನೆಗೆ ಆರು ಸಲ ಹೋಗಬೇಕು. ಈಗ ಒಂಬತ್ತು ಬಾಣಂತಿಯರಿದ್ದಾರೆ. ಮೂರು ಮನೆ ಮುಗಿಯುವವರೆಗೆ ಅವರಿಗೆ ಚಹಾದ ನೆನಪೇ ಇರುವುದಿಲ್ಲ.

ಹೆರಿಗೆಯಾದ ಏಳನೆಯ ದಿನ ಇದೇ ಮನೆಯಲ್ಲಿ ಅವರು ಎಡವಿದ್ದರು. ನಂದಿನಿಗೆ ಜ್ವರ, ಹೊಲಿಗೆಯಲ್ಲಿ ಕೀವು. ಆಸ್ಪತ್ರೆಗೆ ನಡೆ ಎಂದರೆ ಗೋಡೆ ಕಡೆ ಹೊರಳಿ ಮಲಗಿದಳು. ಸಿಟ್ಟಿಗೆದ್ದ ಕೆಂಪವ್ವ ವಹಿಯಲ್ಲಿ 'ಬರಲು ಒಪ್ಪಲಿಲ್ಲ' ಎಂದು ಬರೆದು ಎದ್ದುಬಂದರು. ಮಧ್ಯಾಹ್ನ ಮತ್ತೆ ಅದೇ ಮನೆಗೆ ಹೋದರು.

"ವಹಿ ಮನ್ಯಾಗ ಬಿಟ್ಟ ಹೋದ್ನಿರಿ. ಬಾಜೂಕ ಕುಂತು ಆಕೀ ತಲಿ ಹಿಕ್ಕಿದ್ನಿ. ಆಗ ಬಾಯಿ ಬಿಟ್ಲು."

ಹೆರಿಗೆಯಾದ ಆಸ್ಪತ್ರೆಯಲ್ಲಿ ಮೊದಲು ಯಾವ ಕೇರಿ ಎಂದು ಕೇಳಿದರಂತೆ. ಆಮೇಲೆ ಎಲ್ಲರ ಕೈಗೂ ಗುಳಿಗೆ ಕೊಟ್ಟು, ಈಕೆಯದನ್ನು ಮಾತ್ರ ಹಾಸಿಗೆಯ ಮೇಲೆ ಎಸೆದರಂತೆ. "ಜ್ವರಾ ತಡಕೊಂತೇನಿ ಚಿಗವ್ವ, ಅದನ್ನ ತಡಕೊಳ್ಳಾಕ ಆಗಂಗಿಲ್ಲ," ಎಂದಳು ನಂದಿನಿ.

ಮನೆಗೆ ಮರಳಿದ ಕೆಂಪವ್ವ ತಾವು ಬರೆದ ಸಾಲನ್ನು ಹೊಡೆದುಹಾಕಿ, ಕೇಳಿದ್ದನ್ನು ಕೇಳಿದಂತೆಯೇ ಬರೆದರು. ಪಕ್ಕದಲ್ಲೇ ನಿಲ್ಲುತ್ತೇನೆಂದು ಒಪ್ಪಿಸಿ, ಅಂದೇ ರಿಕ್ಷಾದಲ್ಲಿ ನಂದಿನಿಯನ್ನು ಅದೇ ಆಸ್ಪತ್ರೆಗೆ ಕರೆದೊಯ್ದು ವೈದ್ಯರ ಮುಂದೆ ವಹಿ ತೆರೆದಿಟ್ಟರು. ಗುಳಿಗೆ ಕೊಡುವ ಹೊತ್ತಿಗೆ ಪಕ್ಕದಲ್ಲೇ ನಿಂತು, "ಆಕೀ ಕೈಯಾಗ ಕೊಡ್ರಿ ಸಿಸ್ಟರ್" ಅಂದರು. ಸಿಸ್ಟರ್ ಮುಖ ಗಂಟಿಕ್ಕಿದರು, ಆದರೆ ಕೈಗೇ ಕೊಟ್ಟರು.

"ನನ್ನ ಹೆರಿಗ್ಯಾಗೂ ಹಂಗ ಆಗಿತ್ರಿ. ಸುಮ್ಮನಿದ್ನಿ. ಆಮ್ಯಾಲ ಬ್ಯಾನಿ ಬಂದ್ರೂ ನಾನೂ ಆ ಕಡೆ ಹಾಯಲಿಲ್ಲ," ಎನ್ನುತ್ತಾರೆ ಕೆಂಪವ್ವ.

ಇಂದು ನಲವತ್ತೆರಡನೆಯ ದಿನ, ಕೊನೆಯ ತಪಾಸಣೆ. ಕೆಂಪವ್ವ ತಕ್ಕಡಿ ಮಡಚುವಷ್ಟರಲ್ಲಿ ನಂದಿನಿ ಕೂಸನ್ನೆತ್ತಿಕೊಂಡು ಹೊರಬಿದ್ದಿದ್ದಾಳೆ. ಪಕ್ಕದ ಮನೆಯ ದೀಪಾ ಎಂಟು ತಿಂಗಳ ಬಸುರಿ, ಆಸ್ಪತ್ರೆ ಎಂದರೆ ಮನೆಯೊಳಗೆ ಸೇರಿಕೊಳ್ಳುವವಳು. ನಂದಿನಿ ಅವಳ ಬಾಗಿಲು ಬಡಿಯುತ್ತಾಳೆ.

"ನಡೀ, ನಾ ಬಾಜೂಕ ನಿಂದರ್ತೇನಿ. ಗುಳಿಗಿ ಕೈಯಾಗ ಇಸಕೊಳ್ಳೂಣು."

ಸ್ವಲ್ಪ ಹೊತ್ತಿಗೆ ದೀಪಾ ಚಪ್ಪಲಿ ಮೆಟ್ಟಿ ಬರುತ್ತಾಳೆ. ಕೆಂಪವ್ವ ಚೀಲ ಹೆಗಲಿಗೇರಿಸಿ, ಹೊರಟ ಇಬ್ಬರನ್ನೂ ನೋಡುತ್ತಾ ನಿಲ್ಲುತ್ತಾರೆ.

"ಹದಿನೈದ ವರ್ಷ ನಾನ ಮುಂದ ನಡದೇನ್ರಿ. ಇವತ್ತ ಹಿಂದ ನಡೀತೇನಿ."