ಭಾವಮೈದುನನ ನಾಡಿ

ತೊಂಬತ್ತರ ದಶಕದ ಕೊನೆಯ ಮಾತು. ನಾನು, ನನ್ನ ಹೆಂಡತಿಯ ತಮ್ಮ ಇಬ್ಬರೂ ಕಂದಿಕೆರೆಯ ರೈತರೊಬ್ಬರ ಮನೆಗೆ ಕೊಬ್ಬರಿ ನೋಡಲು ಹೋಗಿದ್ದೆವು. ಅಟ್ಟ ಹತ್ತಿ, ಕಾಯಿ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಗಿಟುಕಿನ ಸದ್ದಿನಿಂದಲೇ ಒಣಗಿದೆಯೋ ಇಲ್ಲವೋ ಹೇಳುವುದು ಅವನ ಕೆಲಸ. ಕೆಳಗೆ ನಿಂತು ಚೌಕಾಸಿ ಮಾಡುವುದು ನನ್ನದು. ಅವತ್ತು ಅಟ್ಟಕ್ಕೆ ಹಾಸಿದ್ದ ಅಡಿಕೆ ದಬ್ಬೆ ಮುರಿಯಿತು. ಅವನ ಎಡಪಕ್ಕೆ ಕೆಳಗಿದ್ದ ಒರಳುಕಲ್ಲಿನ ಅಂಚಿಗೆ ಬಡಿಯಿತು.

ಹೊರಗೆ ಒಂದು ಹನಿ ರಕ್ತವಿಲ್ಲ. ಮನೆಯವರು ಓಡಿ ಬಂದು ಎಳನೀರು ಕೊಚ್ಚಿದರು. ನಮ್ಮ ಕಡೆ ಬಿದ್ದವನಿಗೂ ಅದೇ, ಬಸವಳಿದವನಿಗೂ ಅದೇ. ನಾನೇ ಒತ್ತಾಯ ಮಾಡಿ ಎರಡು ಕುಡಿಸಿದೆ.

"ಇನ್ನೊಂದು ಬರ್ಲಿ ಭಾವ, ಪುಕ್ಕಟೆ ಸಿಕ್ತಾ ಐತೆ" ಎಂದು ನಕ್ಕ.

ನಗುತ್ತಿದ್ದವನ ಹಣೆಯಲ್ಲಿ ತಣ್ಣನೆಯ ಬೆವರು. ಅದು ಯಾಕೋ ಸರಿಕಾಣಲಿಲ್ಲ. ಟೆಂಪೊ ಹತ್ತಿಸಿಕೊಂಡು ತಿಪಟೂರಿನ ಆಸ್ಪತ್ರೆಗೆ ತಂದೆ.

ಡಾಕ್ಟರಮ್ಮ ಬಿ.ಪಿ. ನೋಡಿದರು. ನೂರಿಪ್ಪತ್ತು.

"ಸರಿಯಾಗೈತಲ್ಲ ಮೇಡಂ, ಮಾತ್ರೆ ಬರ್ಕೊಡಿ, ಹೊರಡ್ತೀವಿ" ಎಂದೆ.

ಅವರು ಅವನ ಮಣಿಕಟ್ಟು ಬಿಡಲಿಲ್ಲ. "ನಾಡಿ ನೂರಹತ್ತು ಕಣ್ರೀ. ಒಳಗೆಲ್ಲೋ ರಕ್ತ ಸೋರ್ತಿರ್ಬೇಕು. ತೊಟ್ಟಿ ಸೋರ್ತಿದ್ರೂ ಮೋಟರ್ ಜೋರಾಗಿ ಓಡಿದ್ರೆ ನೀರಿನ ಮಟ್ಟ ಇಳಿಯಲ್ಲ, ನೋಡಿಲ್ವಾ? ಕೈಕಾಲಿನ ರಕ್ತಾನೂ ಒಳಕ್ಕೆ ಎಳ್ಕೊಂಡು ತೂಗಿಸ್ತಾ ಐತೆ ಮೈ. ಮುಟ್ಟಿ ನೋಡಿ, ಎಷ್ಟು ತಣ್ಣಗಿದೆ. ಏನಾದ್ರೂ ಕುಡಿಸಿದ್ರಾ?"

ಕುಡಿಸಬಾರದಿತ್ತು ಎಂದು ಅವರ ಮುಖ ನೋಡಿಯೇ ತಿಳಿಯಿತು. "ಒಂದ್ ಗುಟುಕು ಎಳನೀರು" ಎಂದೆ. ಕಡಿಮೆ ಮಾಡಿ ಹೇಳುವುದು ನನ್ನ ನಾಲಗೆಗೆ ಹತ್ತಿದ ಚಟ. ನೀವು ಯಾರ ಹತ್ತಿರ ಬೇಕಾದರೂ ಚೌಕಾಸಿ ಮಾಡಿ, ಡಾಕ್ಟರ ಹತ್ತಿರ ಮಾತ್ರ ಬೇಡ.

ನರ್ಸ್ ಹತ್ತು ನಿಮಿಷಕ್ಕೊಮ್ಮೆ ಎಣಿಸಿ, ಅಂಕಿ ಹೇಳಿ ಚೀಟಿಯಲ್ಲಿ ಬರೆಯುತ್ತಿದ್ದರು. ಅವನ ಇನ್ನೊಂದು ಕೈ ಹಿಡಿದು, ಗಡಿಯಾರ ನೋಡುತ್ತ ನಾನೂ ಎಣಿಸಿದೆ. ನೂರಹದಿನೆಂಟು. ನೂರಿಪ್ಪತ್ತಾರು. ಬಿ.ಪಿ. ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಭಾವಮೈದುನನ ತಮಾಷೆ ನಿಂತುಹೋಯಿತು.

"ಬಾಯಾರ್ತೈತೆ ಭಾವ."

"ಸುಮ್ಕಿರ್ಲಾ, ಆಮೇಲೆ ಕುಡಿವಂತೆ."

ನೂರಮೂವತ್ತೆರಡು ದಾಟಿದಾಗ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಆಪರೇಷನ್‌ಗೆ ತಯಾರು ಮಾಡಿ ಎಂದರು. ಸ್ಟ್ರೆಚರ್ ಹೊರಟಿತು. ಬಾಗಿಲವರೆಗೂ ಹಿಂದೆ ಹೋದ ನಾನು ತಡೆಯಲಾರದೆ ಅದರ ಸರಳು ಹಿಡಿದು ನಿಲ್ಲಿಸಿದೆ.

"ಮೇಡಂ, ಗುಟುಕಲ್ಲ. ಎರಡು ಕಾಯಿ. ದೊಡ್ಡವು."

"ಮೊದ್ಲೇ ಹೇಳೋಕೆ ಏನ್ರೀ ರೋಗ? ಮತ್ತಿನ ಮದ್ದು ಕೊಟ್ಮೇಲೆ ಅದೆಲ್ಲ ಮೇಲೆ ಬಂದು ಶ್ವಾಸಕ್ಕೆ ಇಳಿದಿದ್ರೆ?"

ಮೂಗಿನಿಂದ ಕೊಳವೆ ಇಳಿಸಿದರು. ಬಕೆಟ್ಟಿಗೆ ಎಳನೀರು ಬೀಳುವುದನ್ನು ನೋಡುತ್ತ ನಿಂತೆ. ಒಂದು ಬದಿಯಲ್ಲಿ ನರ್ಸ್ ಮತ್ತೆ ನಾಡಿ ಎಣಿಸುತ್ತಿದ್ದರು. ಈ ಸಲ ಅಂಕಿಯನ್ನು ನನಗೆ ಹೇಳಲಿಲ್ಲ.

ಸಂಜೆ ಬಾಗಿಲು ತೆರೆಯಿತು. ಎಡಪಕ್ಕೆಯೊಳಗೆ ಒಡೆದಿದ್ದ ಗುಲ್ಮ ತೆಗೆದಿದ್ದೇವೆ, ರಕ್ತ ಏರಿಸುತ್ತಿದ್ದೇವೆ, ನಾಡಿ ನೂರಕ್ಕೆ ಇಳಿದಿದೆ ಎಂದರು ಡಾಕ್ಟರಮ್ಮ. ನಾನು ಒಳಗೆ ಹೋಗಿ ಅವನ ಕೈ ಹಿಡಿದು ಎಣಿಸಿದೆ. ನೂರಾ ಎರಡು ಬಂತು. ನಂಬಿಕೆ ಬರದೆ ಮತ್ತೆ ಮೊದಲಿಂದ ಎಣಿಸಿದೆ.